ದಸರಾ ಸಭೆಯಲ್ಲಿ ವರ್ತಕರೂ ಪ್ಲಾಂಟರುಗಳೂ



ದಸರಾ ಎಂದೊಡನೆ ನಮಗೆ ನೆನಪಾಗುವುದು ಜಂಬೂಸವಾರಿ ಮತ್ತು ವಸ್ತುಪ್ರದರ್ಶನ. ಆದರೆ ನಮ್ಮ ಮುತ್ತಾತಂದಿರ ಕಾಲದಲ್ಲಿ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಹಾಗೂ ಎಡತೊರೆ (ಇಂದಿನ ಕೃಷ್ಣರಾಜನಗರ) ಸೀಮೆಯ ಅನುಕೂಲಸ್ಥ ರೈತರು ಕೆಲವರು ದಸರೆಗೆ ಮೈಸೂರಿಗೆ ಹೊರಡುತ್ತಿದ್ದುದು ಬೇರೊಂದು ಕೆಲಸಕ್ಕೆ. ಅದು ಪ್ರಜಾಪ್ರತಿನಿಧಿ ಸಭೆ.

ಐವತ್ತು ವರ್ಷಗಳ ಬ್ರಿಟಿಷ್ ಕಮೀಷನರ ಆಡಳಿತ ಮುಗಿದು ಸಂಸ್ಥಾನವು ಅರಸರಿಗೆ ಮರಳಿ ಬಂದದ್ದು 1881ರ ಮಾರ್ಚಿಯಲ್ಲಿ. ಅದೇ ವರ್ಷ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರು ಈ ಸಭೆಯನ್ನು ಸೇರಿಸಿದರು. ಸದಸ್ಯರು 144 ಮಂದಿ. ತಾಲ್ಲೂಕು ತಾಲ್ಲೂಕಿನಿಂದ ರೈತರು ಬಂದರು. ಅವರ ಜೊತೆಗೆ ಜಿಲ್ಲೆಯ ಮುಖ್ಯ ವರ್ತಕರಿಗೂ ಮೊದಲಿನಿಂದಲೇ ಕರೆ ಹೋಗಿತ್ತು. ಮುಂದೆ ಕಾಫಿ ಪ್ಲಾಂಟರುಗಳೂ ಬಂದು ಕುಳಿತರು. ಮಂಜರಾಬಾದಿನ ಪ್ಲಾಂಟರ್ ರಾಬರ್ಟ್ ಎಲಿಯಟ್ 1894ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ಈ ಸಭೆಗೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾನೆ.

ಸಭೆಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ. ದಿವಾನರ ಭಾಷಣ ಕೇಳುವುದು, ಅಹವಾಲು ಹೇಳಿಕೊಳ್ಳುವುದು, ಅಷ್ಟೇ. 1891ರಿಂದ ಚುನಾವಣೆ ಬಂದಿತಾದರೂ, ಗೊತ್ತಾದಷ್ಟು ಕಂದಾಯವನ್ನೋ ಮೊಹತರ್ಫಾ ತೆರಿಗೆಯನ್ನೋ ಕಟ್ಟುವವರಿಗೆ ಮತ್ತು ಕೆಲವು ಪದವೀಧರರಿಗೆ ಮಾತ್ರ ಮತ. ಎರಡೆಕರೆ ಅಡಿಕೆ ತೋಟದವನ ಹೆಸರು ಪಟ್ಟಿಯಲ್ಲಿ ಎಲ್ಲಿಂದ ಬರಬೇಕು?

ದೊಡ್ಡ ಪ್ಲಾಂಟರುಗಳು ಮಾತ್ರ ಸುಮ್ಮನೆ ಕೂರಲಿಲ್ಲ. 1893ರಲ್ಲಿ ಬೆಂಗಳೂರಿನಲ್ಲಿ ಸೇರಿ ದಕ್ಷಿಣ ಭಾರತದ ಸಂಯುಕ್ತ ಪ್ಲಾಂಟರುಗಳ ಸಂಘ, ಅಂದರೆ ಉಪಾಸಿಯನ್ನು ಕಟ್ಟಿದರು. 1909ರ ಮಿಂಟೋ-ಮಾರ್ಲೆ ಸುಧಾರಣೆಯಲ್ಲಿ ಮದರಾಸು ಶಾಸನ ಸಭೆಯಲ್ಲಿ ವಾಣಿಜ್ಯ ಮಂಡಳಿಗೊಂದು ಸ್ಥಾನ ಸಿಕ್ಕಿತು, ಪ್ಲಾಂಟರುಗಳಿಗೂ ಒಂದು ಸಿಕ್ಕಿತು. ನಮ್ಮ ಸಂಸ್ಥಾನದಲ್ಲಿ ನ್ಯಾಯವಿಧಾಯಕ ಸಭೆ ಹುಟ್ಟಿದ್ದು 1907ರಲ್ಲಿ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿ ಸ್ಥಾಪನೆಯಾಯಿತು. ಬ್ರಜೇಂದ್ರನಾಥ ಸೀಲರ ಸಮಿತಿಯ ವರದಿಯ ಮೇಲೆ 1923ರಲ್ಲಿ ಬಂದ ಸುಧಾರಣೆಯಲ್ಲಿ ಆ ಸಭೆಯ ಸದಸ್ಯರ ಸಂಖ್ಯೆ 50ಕ್ಕೆ ಏರಿತು. ಚುನಾಯಿತರು 22, ನಾಮಕರಣಗೊಂಡವರು 28. ವಾಣಿಜ್ಯ, ತೋಟಗಾರಿಕೆಗಳಂಥ ವಿಶೇಷ ಹಿತಗಳಿಗೆ ಪ್ರತ್ಯೇಕ ಸ್ಥಾನ ದೊರೆಯಿತು. ಹೊಸ ತೆರಿಗೆ ಹಾಕುವ ಮುನ್ನ ಪ್ರಜಾಪ್ರತಿನಿಧಿ ಸಭೆಯನ್ನು ಕೇಳಬೇಕೆಂಬ ನಿಯಮವೂ ಆಗಲೇ ಬಂದದ್ದು.

ಇಲ್ಲೊಂದು ಸೂಕ್ಷ್ಮವಿದೆ. ಸರ್ಕಾರ ಸ್ಥಾನ ಕೊಟ್ಟದ್ದು ಕಾಫಿಗೂ ಅಲ್ಲ, ವ್ಯಾಪಾರಕ್ಕೂ ಅಲ್ಲ, ಸಂಘಕ್ಕೆ. ಸದಸ್ಯರ ಪಟ್ಟಿ, ಕಾರ್ಯದರ್ಶಿ, ಕಾಗದ ಬರೆಯಲು ಒಂದು ವಿಳಾಸ ಇದ್ದವರಿಗೆ ಕುರ್ಚಿ ದೊರೆಯಿತು. ಅಡಿಕೆಯ ಸಣ್ಣ ಹಿಡುವಳಿದಾರನೂ ತೆರಿಗೆ ಕಟ್ಟುತ್ತಿದ್ದ, ಕೊಳೆರೋಗಕ್ಕೆ ಫಸಲು ಕಳೆದುಕೊಳ್ಳುತ್ತಿದ್ದ. ಆದರೆ ಅವನಿಗೆ ಹೇಳಿಕೊಳ್ಳಲು ತಾಲ್ಲೂಕಿನ ದೊಡ್ಡ ರೈತನೇ ಗತಿ. ಆ ಪುಣ್ಯಾತ್ಮನಿಗೆ ನೆನಪಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ!

ಸ್ವಾತಂತ್ರ್ಯಾನಂತರ ವಯಸ್ಕ ಮತದಾನ ಬಂದು ಆ ವಿಶೇಷ ಸ್ಥಾನಗಳು ಹೋದವು. ಇಂದು ವಿಧಾನ ಪರಿಷತ್ತಿನಲ್ಲಿ ಪದವೀಧರರಿಗೆ, ಶಿಕ್ಷಕರಿಗೆ, ಸ್ಥಳೀಯ ಸಂಸ್ಥೆಗಳಿಗೆ ಕ್ಷೇತ್ರಗಳುಂಟು. ವರ್ತಕರಿಗಾಗಲಿ ಪ್ಲಾಂಟರುಗಳಿಗಾಗಲಿ ಇಲ್ಲ. ಆದರೆ ಸಂವಿಧಾನದ 171ನೆಯ ಅನುಚ್ಛೇದವನ್ನು ಓದಿ ನೋಡಿ. ರಾಜ್ಯಪಾಲರು ನಾಮಕರಣ ಮಾಡಬಹುದಾದವರ ಸಾಲಿನಲ್ಲಿ ಸಾಹಿತ್ಯ, ವಿಜ್ಞಾನ, ಕಲೆ, ಸಮಾಜ ಸೇವೆಗಳ ಜೊತೆಗೆ ಸಹಕಾರ ಚಳವಳಿಯ ಅನುಭವಿಗಳ ಹೆಸರೂ ಇದೆ.