ಸರ್ಜನ್ ಮಾತನ್ನು ಒಪ್ಪದಿರಬಹುದೇ?

ಪ್ರಶ್ನೆ: ಸ್ತನ ಕ್ಯಾನ್ಸರ್‌ಗೆ ಇಡೀ ಸ್ತನವನ್ನೇ ತೆಗೆಯಬೇಕೆಂದು ಸರ್ಜನ್ ಹೇಳಿದರೆ ರೋಗಿ ಬೇಡವೆನ್ನಬಹುದೇ?

ಉತ್ತರ: ಖಂಡಿತ. ಈ ಹಕ್ಕು ಹೋರಾಡಿ ಪಡೆದದ್ದು. 1970ರ ದಶಕದ ಅಮೆರಿಕದಲ್ಲಿ ಗಂಟಿನ ಪರೀಕ್ಷೆಗೆಂದು ಅರಿವಳಿಕೆ ಪಡೆದ ಎಷ್ಟೋ ಮಹಿಳೆಯರು ಎಚ್ಚರಾಗುವಷ್ಟರಲ್ಲಿ ಸ್ತನವನ್ನೇ ಕಳೆದುಕೊಂಡಿರುತ್ತಿದ್ದರು. 1974ರಲ್ಲಿ ಪತ್ರಕರ್ತೆ ರೋಸ್ ಕುಶ್ನರ್, ಮೊದಲು ಬಯಾಪ್ಸಿ, ಆಮೇಲೆ ನನ್ನ ತೀರ್ಮಾನ ಎಂದು ಪಟ್ಟು ಹಿಡಿದರು. 1979ರಲ್ಲಿ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿಯೂ ಅದನ್ನೇ ಎತ್ತಿಹಿಡಿಯಿತು.

ಆರಂಭಿಕ ಹಂತದಲ್ಲಿ ಗಡ್ಡೆಯನ್ನಷ್ಟೇ ತೆಗೆದು ವಿಕಿರಣ ಕೊಟ್ಟರೂ, ಇಡೀ ಸ್ತನ ತೆಗೆದರೂ ಬದುಕುಳಿಯುವ ಪ್ರಮಾಣ ಒಂದೇ ಎಂದು ಅಮೆರಿಕದ ಸರ್ಜನ್ ಬರ್ನಾರ್ಡ್ ಫಿಶರ್ ತಂಡದ 20 ವರ್ಷಗಳ ಅಧ್ಯಯನ 2002ರಲ್ಲಿ ತೋರಿಸಿತು.

ಆದರೆ ಗಡ್ಡೆ ದೊಡ್ಡದಿದ್ದರೆ, ಸ್ತನದೊಳಗೇ ಹಲವೆಡೆ ಹರಡಿದ್ದರೆ, ವಿಕಿರಣ ಕೊಡಲಾಗದಿದ್ದರೆ ಸರ್ಜನ್ ಸಲಹೆಯೇ ಸರಿಯಿರಬಹುದು. ಕಾರಣ ಕೇಳಿ, ಪೆಥಾಲಜಿ ವರದಿಯೊಂದಿಗೆ ಮತ್ತೊಬ್ಬ ತಜ್ಞರನ್ನು ಕಾಣಿ. ಚಿಕಿತ್ಸೆಯನ್ನು ಮಾತ್ರ ಮುಂದೂಡುತ್ತಾ ಹೋಗಬೇಡಿ.