ಗುಂಡು ಹೇಳುವ ಸಾಕ್ಷ್ಯ

ಒಬ್ಬನೇ ಕಮ್ಮಾರ ಬಡಿದ ಎರಡು ಕುಡುಗೋಲುಗಳೂ ತದ್ರೂಪವಾಗಿರುವುದಿಲ್ಲವೆಂಬುದನ್ನು ತಾವು ಬಲ್ಲಿರಿ. ಪಿಸ್ತೂಲೂ ಹಾಗೆಯೇ. ಅದರ ಸೂಜಿ ತೋಟೆಯ ಹಿಂಬದಿಗೆ ಬಡಿದಾಗ ಮೂಡುವ ಗುರುತು ಆ ಪಿಸ್ತೂಲಿನ ರುಜುವಿದ್ದಂತೆ. ಎರಡು ತೋಟೆಗಳನ್ನು ಜೋಡಿ ಸೂಕ್ಷ್ಮದರ್ಶಕದಲ್ಲಿ ಅಕ್ಕಪಕ್ಕ ಇಟ್ಟು ನೋಡಿದರೆ ಗುರುತುಗಳು ಹೊಂದುವುವೋ ಇಲ್ಲವೋ ತಿಳಿಯುತ್ತದೆ.

2015ರ ಆಗಸ್ಟ್ 30ರಂದು ಡಾ. ಎಂ. ಎಂ. ಕಲಬುರ್ಗಿಯವರು ಧಾರವಾಡದ ತಮ್ಮ ಮನೆಯಲ್ಲಿ ಗುಂಡಿಗೆ ಬಲಿಯಾದರು. 2017ರ ಸೆಪ್ಟೆಂಬರ್ 5ರಂದು ಗೌರಿ ಲಂಕೇಶರು, ಬೆಂಗಳೂರಿನ ಅಂಚಿನ ರಾಜರಾಜೇಶ್ವರಿ ನಗರದಲ್ಲಿ. ನಡುವೆ ಎರಡು ವರ್ಷ, ನಾನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಆದರೂ ಎರಡೂ ಕಡೆ ಹಾರಿದ್ದು ಒಂದೇ 7.65 ಮಿಲಿಮೀಟರಿನ ನಾಡಪಿಸ್ತೂಲೆಂದು ರಾಜ್ಯದ ವಿಧಿವಿಜ್ಞಾನ ಪ್ರಯೋಗಾಲಯ ವರದಿಯಿತ್ತಿತು.

ಅದನ್ನು ಹಿಡಿದ ಕೈ ಯಾರದೆಂದು ತೋಟೆ ಹೇಳಲಾರದು. ಅದನ್ನು ನಿರ್ಣಯಿಸಬೇಕಾದುದು ನ್ಯಾಯಾಲಯ.