ಇಲಿಯ ಸ್ಕ್ಯಾನ್‌ನಲ್ಲಿ ಎರಡು ಮಿಲಿಮೀಟರ್ ತಪ್ಪಿದರೆ ಏನಾಗುತ್ತೆ?

ಇವತ್ತಿನ ಸಂಚಿಕೆಯಲ್ಲಿ ಒಂದು ಪುಟ್ಟ ಇಲಿ, ಎರಡು ಸ್ಕ್ಯಾನರ್, ಎರಡು ಮಿಲಿಮೀಟರ್ ಕಥೆ.

ಕ್ಯಾನ್ಸರ್‌ನ ಹೊಸ ಔಷಧವನ್ನು ಮನುಷ್ಯರಿಗೆ ಕೊಡೋ ಮುಂಚೆ ಸಾಮಾನ್ಯವಾಗಿ ಇಲಿಗಳ ಮೇಲೆ ಪರೀಕ್ಷೆ ಮಾಡ್ತಾರೆ. ಲ್ಯಾಬ್‌ನ ಪುಟ್ಟ ಇಲಿಯ ತೂಕ 20ರಿಂದ 30 ಗ್ರಾಂ. ಅದರೊಳಗಿನ ಗೆಡ್ಡೆ ಕೆಲವೊಮ್ಮೆ 3 ಮಿಲಿಮೀಟರ್, ಅಂದ್ರೆ ಕೊತ್ತಂಬರಿ ಬೀಜದಷ್ಟು. ಇಲಿಯನ್ನು ಕೊಯ್ಯದೆ ಆ ಗೆಡ್ಡೆಯನ್ನು ನೋಡೋಕೆ ಪೆಟ್-ಸಿಟಿ ಸ್ಕ್ಯಾನರ್ ಬಳಸಬಹುದು.

ಸಿಟಿ ಎಕ್ಸ್‌ರೇ ಬಳಸಿ ಮೂಳೆ, ಅಂಗಗಳ ಆಕಾರ ತೋರಿಸುತ್ತೆ. ಪೆಟ್‌ನ ಕೆಲಸ ಬೇರೆ. ಫ್ಲೋರಿನ್-18 ಸೇರಿಸಿದ ಗ್ಲೂಕೋಸ್‌ನಂಥ ಪದಾರ್ಥವನ್ನು ಇಲಿಗೆ ಚುಚ್ತಾರೆ. ಹಸಿದ ಗೆಡ್ಡೆ ಅದನ್ನು ಜಾಸ್ತಿ ಎಳ್ಕೊಳ್ಳುತ್ತೆ. ಅಲ್ಲಿಂದ ವಿರುದ್ಧ ದಿಕ್ಕಿಗೆ ಹೊರಡುವ ಜೋಡಿ ಗಾಮಾ ಕಿರಣಗಳನ್ನು ಸುತ್ತಲಿನ ಉಂಗುರ ಹಿಡಿಯುತ್ತೆ. ಫೋನಿನ ಭಾಷೆಯಲ್ಲಿ ಹೇಳೋದಾದ್ರೆ ಸಿಟಿ ಮ್ಯಾಪ್, ಪೆಟ್ ಅದರ ಮೇಲಿನ ನೀಲಿ ಚುಕ್ಕೆ.

ಮನುಷ್ಯರಿಗಾಗಿ ಇವೆರಡನ್ನೂ ಒಂದೇ ಯಂತ್ರದಲ್ಲಿ ಜೋಡಿಸಿದವರಲ್ಲಿ ಪ್ರಮುಖರು ಡೇವಿಡ್ ಟೌನ್‌ಸೆಂಡ್ ಮತ್ತು ರಾನ್ ನಟ್. ಅವರ ಮೊದಲ ಮಾದರಿ 1998ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಬಂತು. ಅದೇ ದಶಕದಲ್ಲಿ ಲಾಸ್ ಏಂಜಲಿಸ್‌ನ ಯುಸಿಎಲ್‌ಎಯಲ್ಲಿ ಸೈಮನ್ ಚೆರ್ರಿ ತಂಡ ಪುಟ್ಟ ಪ್ರಾಣಿಗಳಿಗಾಗಿ ಮೈಕ್ರೋಪೆಟ್ ಕಟ್ಟಿತು.

ಈಗ ಸಮಸ್ಯೆಗೆ ಬರೋಣ. ಒಂದೇ ಡಬ್ಬದಲ್ಲಿದ್ದರೂ ಪೆಟ್, ಸಿಟಿ ಎರಡಕ್ಕೂ ಅದರದ್ದೇ ಆದ ಕೇಂದ್ರ, ಅದರದ್ದೇ ಓರೆ. ಕ್ಯಾಬ್ ಬುಕ್ ಮಾಡುವಾಗ ನೀಲಿ ಚುಕ್ಕೆ ಪಕ್ಕದ ರಸ್ತೆಗೆ ಹೋಗಿ ಕೂರುತ್ತಲ್ಲ, ಹಾಗೇ. ಮನುಷ್ಯನ ದೇಹದಲ್ಲಿ 2 ಮಿಲಿಮೀಟರ್ ತಪ್ಪಿದರೆ ಎಷ್ಟೋ ಸಲ ನಡೆಯುತ್ತೆ. ಇಲಿಯಲ್ಲಿ ಅಷ್ಟು ತಪ್ಪಿದರೆ ಗೆಡ್ಡೆಯ ಹೊಳಪು ಪಕ್ಕದ ಅಂಗಕ್ಕೆ ಹೋಗಿಬಿಡುತ್ತೆ. ಪೆಟ್‌ನ ಅಳತೆ ತಿದ್ದೋಕೆ ಸಿಟಿಯನ್ನೇ ಬಳಸಿದ್ರೆ, ಅಂಕಿಯೂ ಕೆಡುತ್ತೆ. ಆದ್ರೆ ಚಿತ್ರ ಮಾತ್ರ ಅಷ್ಟೇ ಚೆಂದ ಕಾಣುತ್ತೆ!

ಸರಿಪಡಿಸೋದು ಹೇಗೆ? ಇಲಿಯ ಜಾಗದಲ್ಲಿ ಫ್ಯಾಂಟಮ್ ಅನ್ನೋ ಪ್ಲಾಸ್ಟಿಕ್ ತುಂಡು ಇಡ್ತಾರೆ. ಅದರಲ್ಲಿ ಎರಡೂ ಸ್ಕ್ಯಾನ್‌ನಲ್ಲಿ ಕಾಣುವ ಚಿಕ್ಕ ಚಿಕ್ಕ ಬಿಂದುಗಳಿರುತ್ತವೆ. ಸೋಡಿಯಂ-22 ಬಳಸಿದ್ರೆ ಅದರ ಅರ್ಧಾಯುಷ್ಯ 2.6 ವರ್ಷ, ಹಾಗಾಗಿ ಅದೇ ಫ್ಯಾಂಟಮ್ ಮತ್ತೆ ಮತ್ತೆ ಬಳಸಬಹುದು. ಕಂಪ್ಯೂಟರ್ ಆರು ಸಂಖ್ಯೆ ಹುಡುಕುತ್ತೆ: ಮೂರು ದಿಕ್ಕಿನಲ್ಲಿ ಎಷ್ಟು ಸರಿಸಬೇಕು, ಮೂರು ಅಕ್ಷದಲ್ಲಿ ಎಷ್ಟು ತಿರುಗಿಸಬೇಕು. ಇದಕ್ಕೆ ಒಂದೇ ಗೆರೆಯಲ್ಲಿರದ ಮೂರು ಬಿಂದು ಕನಿಷ್ಠ ಬೇಕು, ಹೆಚ್ಚಿದ್ದಷ್ಟೂ ಒಳ್ಳೇದು. ತಿರುವನ್ನು ಕಡೆಗಣಿಸೋ ಹಾಗಿಲ್ಲ. ಬರೀ 1 ಡಿಗ್ರಿ ತಪ್ಪಿದರೂ ಕೇಂದ್ರದಿಂದ 50 ಮಿಲಿಮೀಟರ್ ದೂರದಲ್ಲಿ ಹತ್ತಿರಹತ್ತಿರ 0.9 ಮಿಲಿಮೀಟರ್ ವ್ಯತ್ಯಾಸ ಬರುತ್ತೆ.

ನಾನು ಕಾಮರ್ಸ್ ಓದಿದವನು, ನನಗೆ ಇಲ್ಲಿ ಟ್ರಯಲ್ ಬ್ಯಾಲೆನ್ಸ್ ನೆನಪಾಯ್ತು. ಎರಡೂ ಕಡೆ ಟ್ಯಾಲಿ ಆಯ್ತು ಅಂದ ಮಾತ್ರಕ್ಕೆ ಲೆಕ್ಕ ಸರಿ ಅಂತಲ್ಲ. ಇಲ್ಲೂ ಅಷ್ಟೇ. ಯಾವ ಬಿಂದುಗಳಿಂದ ಆರು ಸಂಖ್ಯೆ ಹುಡುಕಿದ್ರೋ, ಅವುಗಳ ಮೇಲೇ ಪರೀಕ್ಷಿಸಿದರೆ ಉತ್ತರ ಚೆನ್ನಾಗೇ ಕಾಣುತ್ತೆ. ನಿಜ ಗೊತ್ತಾಗಬೇಕಂದ್ರೆ ಲೆಕ್ಕಕ್ಕೆ ಸೇರಿಸದೆ ಪಕ್ಕಕ್ಕಿಟ್ಟ ಬೇರೆ ಬಿಂದುಗಳ ಮೇಲೆ ತಪ್ಪು ಅಳೀಬೇಕು.

ಇಷ್ಟಾದ್ಮೇಲೂ ಎರಡು ಸ್ಕ್ಯಾನ್ ಮಧ್ಯೆ ಇಲಿ ಅಲುಗಾಡಿದ್ರೆ ಫ್ಯಾಂಟಮ್ ಏನೂ ಮಾಡಕ್ಕಾಗಲ್ಲ. ಅದಕ್ಕೇ ಅರಿವಳಿಕೆ ಕೊಟ್ಟು, ಅದೇ ಹಾಸಿಗೆ ಮೇಲೆ ಅಲ್ಲಾಡದಂತೆ ಮಲಗಿಸ್ತಾರೆ.

ಇಷ್ಟೆಲ್ಲಾ ಯಾಕೆ? 1959ರಲ್ಲಿ ರಸೆಲ್ ಮತ್ತು ಬರ್ಚ್ ಅನ್ನೋ ವಿಜ್ಞಾನಿಗಳು ಪ್ರಯೋಗಕ್ಕೆ ಬಳಸುವ ಪ್ರಾಣಿಗಳ ಸಂಖ್ಯೆ ಕಡಿಮೆ ಮಾಡಿ ಅಂದಿದ್ರು. ಸ್ಕ್ಯಾನರ್ ಅದಕ್ಕೆ ದಾರಿ, ಒಂದೇ ಇಲಿಯನ್ನು ವಾರಗಟ್ಟಲೆ ನೋಡಬಹುದು. ಆದ್ರೆ ಜೋಡಣೆ ತಪ್ಪಿದ್ರೆ ಆ ಇಲಿಯ ಜೀವ ಸುಮ್ಮನೆ ಹೋಯ್ತು, ಒಳ್ಳೆಯ ಔಷಧವೊಂದು ಕೆಟ್ಟದ್ದು ಅನ್ನಿಸಿಕೊಳ್ಳಲೂಬಹುದು.

ಮುಂದಿನ ಸಲ ಬಣ್ಣಬಣ್ಣದ ಸ್ಕ್ಯಾನ್ ಚಿತ್ರ ಕಂಡ್ರೆ ಒಂದು ಪ್ರಶ್ನೆ ಕೇಳಿ: ಟ್ಯಾಲಿ ಮಾಡಿದ್ದು ಯಾವ ಬಿಂದುಗಳ ಮೇಲೆ? ಮತ್ತೆ ಸಿಗೋಣ.